ಸುಡಾನ್‌ಗೆ ಕಳಿಸಿದ ಅನ್ನ ಯಾರ ಕೈ ದಾಟಿ ಹೋಗುತ್ತದೆ?

ಪ್ರಶ್ನೆ: 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ನಮ್ಮ ಹುಣಸೂರು ಕಡೆಯ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಕೊನೆಗೆ ಹೇಗೋ ವಾಪಸ್ ಬಂದರು. ಯುದ್ಧ ಮಾತ್ರ ನಿಲ್ಲಲಿಲ್ಲ. ‘ಶಾಂತಿ ಸಂಶೋಧನೆ’ ಅಂತ ಒಂದು ಓದು ಇದೆ ಎಂದು ಈಚೆಗೆ ಗೊತ್ತಾಯಿತು. ಅರವತ್ತು ವರ್ಷ ಸಂಶೋಧನೆ ಮಾಡಿಯೂ ಯುದ್ಧಗಳು ಜಾಸ್ತಿಯೇ ಆಗುತ್ತಿವೆ ಅಲ್ವಾ ಸಾರ್? ಬಡ ದೇಶಗಳಿಗೆ ಕೊಟ್ಟ ನೆರವಿನಿಂದ ಏನು ಬದಲಾಯಿತು? ಈಗಂತೂ ಶ್ರೀಮಂತ ದೇಶಗಳು ಕೈ ಎತ್ತುತ್ತಿವೆ. ಇಂಥ ಹೊತ್ತಿನಲ್ಲಿ ನಾನು ಇದನ್ನು ಎಂ.ಎ.ಗೆ ತೆಗೆದುಕೊಳ್ಳಲಾ? ಮನೆಯಲ್ಲಿ ಬಿ.ಇಡಿ. ಮಾಡು ಅನ್ನುತ್ತಿದ್ದಾರೆ.
(ಹುಣಸೂರು ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿ)

ಉತ್ತರ:

ಯುದ್ಧಗಳು ಜಾಸ್ತಿಯಾಗಿವೆ ಅನ್ನುವ ನಿಮ್ಮ ಅನಿಸಿಕೆ ಸರಿ. ಸ್ವೀಡನ್‌ನ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಒಂದು ತಂಡ ಇದನ್ನೇ ಎಣಿಸುತ್ತದೆ. ಜಗಳ ಅಧಿಕಾರಕ್ಕೋ ನೆಲಕ್ಕೋ ಆಗಿರಬೇಕು. ಒಂದು ಕಡೆಯಾದರೂ ಸರ್ಕಾರ ಇರಬೇಕು. ವರ್ಷಕ್ಕೆ ಕನಿಷ್ಠ 25 ಜನ ಕಾದಾಟದಲ್ಲಿ ಸತ್ತಿರಬೇಕು. ಆಗ ಅದು ಅವರ ಪಟ್ಟಿಗೆ ಸೇರುತ್ತದೆ. 2024ರಲ್ಲಿ ಅಂಥವು 61 ಇದ್ದವು. 1946ರಿಂದ ಲೆಕ್ಕ ಇದೆ, ಅಲ್ಲಿಯವರೆಗಿನ ಅಷ್ಟೂ ವರ್ಷಗಳಲ್ಲಿ ಅದೇ ದೊಡ್ಡ ಸಂಖ್ಯೆ. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಪ್ರಕಾರ ಆ ವರ್ಷ ಜಗತ್ತು ಸೈನ್ಯಕ್ಕೆ ಸುರಿದದ್ದು ಸುಮಾರು 2.7 ಲಕ್ಷ ಕೋಟಿ ಡಾಲರ್. ಶ್ರೀಮಂತ ದೇಶಗಳು ಅಧಿಕೃತ ನೆರವು ಅಂತ ಕೊಟ್ಟದ್ದು ಸುಮಾರು 21,200 ಕೋಟಿ ಡಾಲರ್, ಅಂದರೆ ಹದಿಮೂರನೇ ಒಂದು ಪಾಲಿನಷ್ಟು. ಅದೂ ಹಿಂದಿನ ವರ್ಷಕ್ಕಿಂತ ಶೇ 7ರಷ್ಟು ಇಳಿದಿತ್ತು.

ಯುದ್ಧ ನಿಲ್ಲಿಸುವ ಅಧಿಕಾರ ಸಂಶೋಧಕರಿಗೆ ಇಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಓದು ಕಲಿಸುವುದು ಒಂದು ಪ್ರಶ್ನೆಯನ್ನು ಬಿಡದೆ ಕೇಳುವುದಕ್ಕೆ. ದುಡ್ಡು, ಧಾನ್ಯ, ಬಂದೂಕು, ಲಾರಿ ಬಿಡುವ ಅನುಮತಿ ಪತ್ರ, ಇವೆಲ್ಲ ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿವೆ? ಕಾಲು ಶತಮಾನ ಈ ವಿಷಯ ಓದಿ, ಕಲಿಸಿ ನನಗೆ ಉಳಿದದ್ದು ಮುಖ್ಯವಾಗಿ ಈ ಪ್ರಶ್ನೆ. ನಿಮ್ಮ ಕಡೆಯ ಜನ ಕಣ್ಣಾರೆ ಕಂಡ ಸುಡಾನನ್ನೇ ಇಟ್ಟುಕೊಂಡು ಹೇಳುತ್ತೇನೆ.

ಅದಕ್ಕೆ ಮುಂಚೆ ಒಂದು ಪುಟ್ಟ ಪಾಠ. 1959ರಲ್ಲಿ ನಾರ್ವೆಯ ಓಸ್ಲೋದಲ್ಲಿ ಯೋಹಾನ್ ಗಾಲ್ಟುಂಗ್ ಎಂಬುವರು ಶಾಂತಿ ಸಂಶೋಧನೆಗೆಂದೇ ಒಂದು ಸಂಸ್ಥೆ ಕಟ್ಟಿದರು. ಗುಂಡು ನಿಂತ ಮಾತ್ರಕ್ಕೆ ಅದನ್ನು ಪೂರ್ತಿ ಶಾಂತಿ ಅನ್ನಲು ಅವರು ಒಪ್ಪಲಿಲ್ಲ. ಅದಕ್ಕೆ ನಕಾರಾತ್ಮಕ ಶಾಂತಿ ಎಂದು ಹೆಸರಿಟ್ಟರು. ಇದು ಅರ್ಥವಾಗಬೇಕಾದರೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರನ್ನು ನೆನೆಯಿರಿ. ಅವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದರು. 1965ರ ಡಿಸೆಂಬರ್‌ನಲ್ಲಿ, ಕೆಲಸದಲ್ಲಿರುವಾಗಲೇ, ಅಲ್ಲೇ ತೀರಿಕೊಂಡರು. 1964ರಲ್ಲಿ ಹೋದ ಆ ಪಡೆ ಅರವತ್ತು ವರ್ಷ ದಾಟಿದ ಮೇಲೂ ಅಲ್ಲೇ ಇದೆ. ಅಲ್ಲಿನ ರಾಜಧಾನಿ ನಿಕೋಸಿಯಾದ ನಡುವೆ ಗೆರೆ ಎಳೆದದ್ದು ಹಾಗೇ ಇದೆ. ಗುಂಡಿನ ಸದ್ದು ಇಲ್ಲ, ರಾಜಿಯೂ ಆಗಿಲ್ಲ. ಹಾಗಂತ ತಿಮ್ಮಯ್ಯನವರು ಮಾಡಿದ್ದು ಸಣ್ಣ ಕೆಲಸ ಅಂತ ನಾನು ಖಂಡಿತ ಹೇಳುವುದಿಲ್ಲ. ಗುಂಡು ನಿಲ್ಲದೆ ಉಳಿದ ಯಾವುದನ್ನೂ ಶುರು ಮಾಡಲಾಗುವುದಿಲ್ಲ.

ಗಾಲ್ಟುಂಗ್ 1969ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹದಿನೆಂಟನೇ ಶತಮಾನದಲ್ಲಿ ಒಬ್ಬರು ಕ್ಷಯದಿಂದ ಸತ್ತರೆ ಯಾರೂ ಏನೂ ಮಾಡುವಂತಿರಲಿಲ್ಲ. ಔಷಧ ಇರುವ ಕಾಲದಲ್ಲಿ ಅದೇ ಕಾಯಿಲೆಯಿಂದ ಸತ್ತರೆ ಅದು ಹಿಂಸೆ ಎಂದರು. ಹೊಡೆದವನ ಮುಖ ಕಾಣುವುದಿಲ್ಲ, ಅಷ್ಟೆ. ಯುದ್ಧ ನಮ್ಮ ಇಲಾಖೆ, ಬಡತನ ನಿಮ್ಮ ಇಲಾಖೆ ಎಂದು ವಿದ್ವಾಂಸರು ಹಂಚಿಕೊಂಡಿದ್ದ ಗೋಡೆಯಲ್ಲಿ ಆಗ ಬಿರುಕು ಬಿತ್ತು. ನೀವು ಕೇಳಿದ ಎರಡು ಪ್ರಶ್ನೆಗಳು, ಅಂದರೆ ಶಾಂತಿಯದು ಮತ್ತು ನೆರವಿನದು, ಒಂದೇ ಪತ್ರದಲ್ಲಿ ಬಂದದ್ದು ನನಗೆ ಖುಷಿಯಾದದ್ದೂ ಅದಕ್ಕೇ.

ಈಗ ಸುಡಾನ್‌ಗೆ ಬರೋಣ. ಊಟದಿಂದಲೇ ಶುರು ಮಾಡುತ್ತೇನೆ.

ಅಲ್ಲಿನ ಹಳೆಯ ಆಹಾರ ಜೋಳ. ಜೋಳದ ಹಿಟ್ಟನ್ನು ಕಲಸಿ, ಹುಳಿ ಬರಿಸಿ, ಕಾದ ಹಂಚಿನ ಮೇಲೆ ತೆಳ್ಳಗೆ ಎಳೆದು ‘ಕಿಸ್ರಾ’ ಮಾಡುತ್ತಾರೆ. ನಮ್ಮ ಪೇಪರ್ ದೋಸೆ ನೆನಪಾಗುತ್ತದೆ. 1970, 80ರ ದಶಕಗಳಲ್ಲಿ ರಾಜಧಾನಿ ಖಾರ್ಟೂಮ್‌ನಂಥ ಪಟ್ಟಣಗಳು ಗೋಧಿ ಬ್ರೆಡ್ಡಿಗೆ ತಿರುಗಿದವು. ಅಲ್ಲಿ ಗೋಧಿ ಸಾಕಾಗುವಷ್ಟು ಬೆಳೆಯುವುದಿಲ್ಲ. ಹೊರಗಿನಿಂದ ಬರಬೇಕು, ಮತ್ತು ಆಗ ಬಹಳಷ್ಟು ಬಂದದ್ದು ಅಮೆರಿಕದ ನೆರವಾಗಿ. ಸಹಾರಾ ಮರುಭೂಮಿಯ ಕೆಳಗಿನ ಆಫ್ರಿಕಾದಲ್ಲಿ, 80ರ ದಶಕದ ಮೊದಲ ಭಾಗದಲ್ಲಿ, ಅಮೆರಿಕದಿಂದ ಅತಿ ಹೆಚ್ಚು ನೆರವು ಪಡೆದ ಸರ್ಕಾರ ಸುಡಾನ್‌ನ ಅಧ್ಯಕ್ಷ ನಿಮೇರಿಯದು. ಪಟ್ಟಣದವರಿಗೆ ಸೋವಿ ಬ್ರೆಡ್ಡು ಸಿಕ್ಕರೆ ಕುರ್ಚಿ ಭದ್ರ. ಜೋಳ ಬೆಳೆಯುವ, ಒಂಟೆ ದನ ಮೇಯಿಸುವ ಪಶ್ಚಿಮದ ದಾರ್ಫುರ್ ಪ್ರಾಂತ್ಯ ದೂರದಲ್ಲಿತ್ತು. 1984ರಲ್ಲಿ ಅಲ್ಲಿ ಬರ ಬಿದ್ದಾಗ ಸರ್ಕಾರ ಅದನ್ನು ಮುಚ್ಚಿಡಲು ನೋಡಿತು. 1985ರಲ್ಲಿ ಬ್ರೆಡ್ಡಿನ ಬೆಲೆ ಏರಿತು, ಖಾರ್ಟೂಮ್ ಬೀದಿಗಿಳಿಯಿತು, ಏಪ್ರಿಲ್‌ನಲ್ಲಿ ಸೈನ್ಯ ನಿಮೇರಿಯನ್ನು ಇಳಿಸಿತು. 2018ರ ಡಿಸೆಂಬರ್‌ನಲ್ಲಿ ಅತ್ಬಾರಾ ಎಂಬ ರೈಲ್ವೆ ಊರಿನಲ್ಲಿ ಒಂದು ಪೌಂಡಿನ ಬ್ರೆಡ್ಡು ಮೂರು ಪೌಂಡಾಯಿತು. ನಾಲ್ಕು ತಿಂಗಳೊಳಗೆ, ಮೂವತ್ತು ವರ್ಷ ಆಳಿದ ಬಶೀರ್ ಕೂಡ ಹೋದರು.

ನೋಡಿ, ನೆರವಿನ ಗೋಧಿ ಹಸಿದವರ ಹೊಟ್ಟೆಗೆ ಹೋಯಿತು, ಅದು ಸುಳ್ಳಲ್ಲ. ಆದರೆ ಅದು ಸರ್ಕಾರದ ಕೈ ದಾಟಿಯೇ ಹೋಗಬೇಕಿತ್ತು. ದಂಗೆ ಏಳಬಲ್ಲ ಹೊಟ್ಟೆಗಳನ್ನು ಆ ಕೈ ಮೊದಲು ತುಂಬಿಸಿತು.

ಇನ್ನೊಂದು ಉದಾಹರಣೆ ನನ್ನನ್ನು ಬಹಳ ಕಾಡಿದ್ದು. 1988ರಲ್ಲಿ, ಉತ್ತರ–ದಕ್ಷಿಣ ಯುದ್ಧದ ನಡುವೆ, ಸುಡಾನ್‌ನ ದಕ್ಷಿಣದಲ್ಲಿ ದೊಡ್ಡ ಕ್ಷಾಮ ಆಯಿತು. ಮರುವರ್ಷ ವಿಶ್ವಸಂಸ್ಥೆ ಸರ್ಕಾರವನ್ನೂ ಬಂಡುಕೋರರನ್ನೂ ಒಪ್ಪಿಸಿ ‘ಆಪರೇಷನ್ ಲೈಫ್‌ಲೈನ್ ಸುಡಾನ್’ ಶುರು ಮಾಡಿತು. ಹೊಡೆದಾಡುತ್ತಿರುವ ಎರಡೂ ಕಡೆಯ ಜನರಿಗೆ ಅನ್ನ ತಲುಪಿಸುವ ಏರ್ಪಾಡು ಅದು. ಎಷ್ಟೋ ಜೀವ ಉಳಿದವು. ಆದರೆ ಇವತ್ತು ಯಾವ ಊರಿಗೆ ವಿಮಾನ ಹೋಗಬಹುದು ಅನ್ನುವ ಒಪ್ಪಿಗೆ ಖಾರ್ಟೂಮ್ ಕೈಯಲ್ಲಿತ್ತು. 1998ರ ಆರಂಭದಲ್ಲಿ ಬಹ್ರ್ ಎಲ್ ಗಜಾಲ್ ಪ್ರಾಂತ್ಯಕ್ಕೆ ವಿಮಾನಗಳನ್ನು ತಡೆದರು. ಆ ವರ್ಷದ ಕ್ಷಾಮದಲ್ಲಿ ಹತ್ತಾರು ಸಾವಿರ ಜನ ಸತ್ತರು. ಬಂಡುಕೋರರೂ ಸಾಚಾ ಇರಲಿಲ್ಲ. ಜನರಿಗೆ ಹಂಚಿದ ಧಾನ್ಯದಲ್ಲಿ ಪಾಲು ಎತ್ತುತ್ತಿದ್ದರು.

ಈಗಿನ ಯುದ್ಧ ಸೈನ್ಯದ ಮುಖ್ಯಸ್ಥ ಬುರ್ಹಾನ್ ಮತ್ತು ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ಮುಖ್ಯಸ್ಥ ಹೆಮೆದ್ತಿ ನಡುವೆ. ಇಬ್ಬರೂ ಸೇರಿಯೇ 2021ರ ಅಕ್ಟೋಬರ್‌ನಲ್ಲಿ ನಾಗರಿಕ ಸರ್ಕಾರವನ್ನು ಉರುಳಿಸಿದ್ದರು. ಹದಿನೆಂಟು ತಿಂಗಳಿಗೆ ಒಬ್ಬರ ಮೇಲೊಬ್ಬರು ಬಿದ್ದರು. ಅನ್ನದ ವಿಷಯದಲ್ಲಿ ಮಾತ್ರ ಇಬ್ಬರೂ ಹಳೆಯ ಪಾಠವನ್ನೇ ಒಪ್ಪಿಸಿದರು. 2023ರ ಡಿಸೆಂಬರ್‌ನಲ್ಲಿ ಗೆಜಿರಾ ಪ್ರಾಂತ್ಯದ ವಾದ್ ಮದನಿ ಆರ್‌ಎಸ್‌ಎಫ್ ವಶವಾದಾಗ ವಿಶ್ವ ಆಹಾರ ಕಾರ್ಯಕ್ರಮದ ಗೋದಾಮು ಲೂಟಿಯಾಯಿತು. ಅಲ್ಲಿದ್ದ ದಾಸ್ತಾನು ಸುಮಾರು 15 ಲಕ್ಷ ಜನರಿಗೆ ಒಂದು ತಿಂಗಳಿಗೆ ಆಗುತ್ತಿತ್ತು. ಗೆಜಿರಾ ಅಂದರೆ ನೈಲ್ ನದಿಯ ನೀರಾವರಿ ನೆಲ, ಸುಡಾನ್‌ನ ಕಣಜ. ಇತ್ತ ಸೈನ್ಯದ ಸರ್ಕಾರ 2024ರ ಫೆಬ್ರವರಿಯಲ್ಲಿ ಪಕ್ಕದ ದೇಶ ಚಾಡ್ ಕಡೆಯ ಅದ್ರೆ ಗಡಿ ದಾರಿಯನ್ನು ನೆರವಿಗೆ ಮುಚ್ಚಿತು. ದಾರ್ಫುರ್‌ಗೆ ಅದೇ ಹತ್ತಿರದ ದಾರಿ. ಮತ್ತೆ ತೆರೆದದ್ದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ದಾರ್ಫುರ್‌ನ ಎಲ್ ಫಾಶರ್ ಊರಿನ ಪಕ್ಕದ, ಮನೆ ಬಿಟ್ಟು ಬಂದವರ ಝಮ್‌ಝಮ್ ಶಿಬಿರದಲ್ಲಿ ಕ್ಷಾಮ ಬಂದಿದೆ ಎಂದು ತಜ್ಞರ ಸಮಿತಿ ಹೇಳಿಯಾಗಿತ್ತು.

ಎಲ್ ಫಾಶರ್ ಅನ್ನುವ ಹೆಸರು ನಿಮಗೆ ಗೊತ್ತಿರಬೇಕು. ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಿಹಾಕಿಕೊಂಡದ್ದು ಅದೇ ಊರಿನಲ್ಲಿ. ‘ಆಪರೇಷನ್ ಕಾವೇರಿ’ಯಲ್ಲಿ ಭಾರತೀಯರನ್ನು ಪೋರ್ಟ್ ಸುಡಾನ್‌ನಿಂದ ಜಿದ್ದಾಕ್ಕೆ ಸಾಗಿಸಿ, ಅಲ್ಲಿಂದ ಊರಿಗೆ ತಂದರು. ಅವರಿಗೆ ಬಾಡಿಗೆ ಕೊಟ್ಟವರು, ಪಕ್ಕದ ಅಂಗಡಿಯವರು, ಎಣ್ಣೆ ಕೊಂಡವರು ಅಲ್ಲೇ ಉಳಿದರು. 2025ರ ಅಕ್ಟೋಬರ್ 26ರಂದು, ಒಂದೂವರೆ ವರ್ಷದ ಮುತ್ತಿಗೆಯ ನಂತರ, ಆ ಊರು ಆರ್‌ಎಸ್‌ಎಫ್ ವಶವಾಯಿತು. ಸಾಮೂಹಿಕ ಕೊಲೆಗಳಾದವು. ಪತ್ರಕರ್ತರು ಒಳಗೆ ಹೋಗಲಾಗದ ಹೊತ್ತಿನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಒಂದು ಲ್ಯಾಬ್ ಉಪಗ್ರಹದ ಚಿತ್ರಗಳಲ್ಲಿ ಅದರ ಗುರುತುಗಳನ್ನು ಹುಡುಕಿ ಜಗತ್ತಿಗೆ ತೋರಿಸಿತು. ಆ ಲ್ಯಾಬ್ ಅದಕ್ಕೂ ತುಂಬಾ ಮುಂಚೆಯೇ ಎಚ್ಚರಿಸುತ್ತಾ ಬಂದಿತ್ತು. ಎಚ್ಚರಿಕೆ ಇತ್ತು, ಕೇಳಬೇಕಾದವರು ಕೇಳಲಿಲ್ಲ. ಸಂಶೋಧನೆ ಎಲ್ಲಿಗೆ ನಿಲ್ಲುತ್ತದೆ ಅಂತ ನನಗೆ ಇಷ್ಟು ನೋವಿನಿಂದ ಅರ್ಥವಾದದ್ದು ಬೇರೆ ಯಾವಾಗಲೂ ಇಲ್ಲ.

ಬಂದೂಕಿನ ದುಡ್ಡು ಎಲ್ಲಿಂದ? ಮೊದಲು ತೈಲ. 2011ರಲ್ಲಿ ದಕ್ಷಿಣ ಸುಡಾನ್ ಬೇರೆ ದೇಶವಾದಾಗ ತೈಲದ ಮುಕ್ಕಾಲು ಪಾಲು ಅದರ ಜೊತೆ ಹೋಯಿತು. ಆಮೇಲೆ ಚಿನ್ನ. ದಾರ್ಫುರ್‌ನ ಜೆಬೆಲ್ ಆಮಿರ್ ಗಣಿ 2017ರಲ್ಲಿ ಹೆಮೆದ್ತಿ ಕೈಗೆ ಬಂತು, ಅಲ್ಲಿಂದ ಅವರು ಯಾರ ಹಂಗೂ ಇಲ್ಲದವರಾದರು. ಸುಡಾನ್ ಚಿನ್ನದ ಹೆಚ್ಚಿನ ಪಾಲು ಹೋಗುವುದು ದುಬೈ ಇರುವ ಯುಎಇಗೆ. ಇದೆಲ್ಲ ಬೇರೆಯವರ ಕಥೆ ಅಂದುಕೊಳ್ಳಬೇಡಿ. 2003ರಲ್ಲಿ ನಮ್ಮ ಒಎನ್‌ಜಿಸಿ ವಿದೇಶ್ ಸುಡಾನ್‌ನ ದೊಡ್ಡ ತೈಲ ಯೋಜನೆಯೊಂದರಲ್ಲಿ ಶೇ 25ರ ಪಾಲು ಕೊಂಡಿತು. ಮಾರಿದ್ದು ಕೆನಡಾದ ಟಾಲಿಸ್ಮನ್. ತೈಲದ ದುಡ್ಡು ಯುದ್ಧಕ್ಕೆ ಹೋಗುತ್ತಿದೆ ಎಂಬ ಒತ್ತಡಕ್ಕೆ ಸಿಕ್ಕಿ ಅದು ಹೊರಬರುತ್ತಿತ್ತು. ಇನ್ನು ತಂಪು ಪಾನೀಯಗಳಲ್ಲಿ ಬಳಸುವ ಗಮ್ ಅರೇಬಿಕ್. ಜಾಲಿ ಜಾತಿಯ ಮರದ ಅಂಟು ಅದು. ಜಗತ್ತಿಗೆ ಬಹುಪಾಲು ಬರುವುದು ಸುಡಾನ್‌ನಿಂದ. 1997ರಲ್ಲಿ ಅಮೆರಿಕ ಆ ದೇಶದ ಮೇಲೆ ನಿರ್ಬಂಧ ಹೇರಿದಾಗಲೂ ಈ ಅಂಟಿಗೆ ವಿನಾಯಿತಿ ಸಿಕ್ಕಿತು.

ಶಾಂತಿಪಡೆ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ‘ವಿಶ್ವಸಂಸ್ಥೆಯಿಂದ ಏನೂ ಆಗಲ್ಲ’ ಅನ್ನುವುದು ಸುಮ್ನೆ ಬಾಯಿಗೆ ಬರುವ ಮಾತು. ವರ್ಜೀನಿಯಾ ಪೇಜ್ ಫೋರ್ಟ್ನಾ ಮೊದಲಾದ ಸಂಶೋಧಕರು ಹತ್ತಾರು ಯುದ್ಧಗಳನ್ನು ಹೋಲಿಸಿ ನೋಡಿದ್ದಾರೆ. ಶಾಂತಿಪಡೆ ನಿಂತ ಕಡೆ ಯುದ್ಧ ಮರುಕಳಿಸುವುದು ಕಡಿಮೆ. ಸಾಕಷ್ಟು ಸಂಖ್ಯೆಯಲ್ಲಿದ್ದರೆ ಸಾಮಾನ್ಯ ಜನರ ಸಾವೂ ಕಡಿಮೆ. ದಾರ್ಫುರ್‌ನಲ್ಲಿ 2007ರಲ್ಲಿ ಒಪ್ಪಿಗೆ ಪಡೆದ ಪಡೆಯ ಅವಧಿ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಎರಡು ವಾರ ಕಳೆಯುತ್ತಿದ್ದಂತೆ ಅಲ್ಲಿನ ಎಲ್ ಜೆನೈನಾ ಊರಿನಲ್ಲಿ ನೂರಕ್ಕೂ ಹೆಚ್ಚು ಜನ ಕೊಲೆಯಾದರು. 2023ರಲ್ಲಿ ಅದೇ ಊರಿನಲ್ಲಿ ಮಸಾಲಿತ್ ಸಮುದಾಯದವರನ್ನು ಹುಡುಕಿ ಹುಡುಕಿ ಕೊಂದರು. ವಿಶ್ವಸಂಸ್ಥೆಯ ತಜ್ಞರ ಸಮಿತಿಯ ಅಂದಾಜಿನಲ್ಲಿ ಸತ್ತವರು 10,000ದಿಂದ 15,000. ಪಡೆ ಇದ್ದಿದ್ದರೆ ಇದು ಆಗುತ್ತಲೇ ಇರಲಿಲ್ಲ ಎಂದು ನಾನು ಹೇಳಲಾರೆ. ತೆಗೆದದ್ದು ತಪ್ಪು ಅನ್ನುವುದರಲ್ಲಿ ನನಗೆ ಸಂಶಯ ಇಲ್ಲ.

ಇನ್ನು ನೀವು ತಿಳಿಯಲೇಬೇಕಾದ ವಿಷಯ. ಸುಡಾನ್‌ನಲ್ಲಿ ‘ನಫೀರ್’ ಅಂತ ಒಂದು ರೂಢಿ ಇದೆ. ಕೊಯ್ಲಿಗೋ ಮನೆ ಕಟ್ಟುವುದಕ್ಕೋ ಕರೆ ಹೋದರೆ ಊರವರೆಲ್ಲ ಬಂದು ಕೈ ಹಾಕುತ್ತಾರೆ. ನಮ್ಮ ಮುಯ್ಯಾಳು ಇದ್ದ ಹಾಗೆ. ಬಶೀರ್ ವಿರುದ್ಧ ಚಳವಳಿ ನಡೆದಾಗ ಕೇರಿ ಕೇರಿಯಲ್ಲಿ ಯುವಕ ಯುವತಿಯರ ಸಮಿತಿಗಳು ಹುಟ್ಟಿದ್ದವು. ಯುದ್ಧ ಶುರುವಾದ ಮೇಲೆ ಆ ಹುಡುಗರೇ, ನಫೀರ್ ಮಾದರಿಯಲ್ಲಿ, ‘ಎಮರ್ಜೆನ್ಸಿ ರೆಸ್ಪಾನ್ಸ್ ರೂಮ್’ ಎಂಬ ಗುಂಪುಗಳನ್ನು ಕಟ್ಟಿದರು. ದೊಡ್ಡ ಸಂಸ್ಥೆಗಳು ಖಾರ್ಟೂಮ್ ಬಿಟ್ಟು ಹೋದಾಗ ಇವರು ಉಳಿದರು. ಕೇರಿಯಲ್ಲಿ ಒಲೆ ಹೂಡಿ, ದೊಡ್ಡ ಪಾತ್ರೆಯಲ್ಲಿ ಬೇಳೆಯೋ ಫೂಲ್ ಎಂಬ ಕಾಳೋ ಬೇಯಿಸಿ ಹಂಚಿದರು. ಹೊರದೇಶಗಳಲ್ಲಿರುವ ಸುಡಾನಿಗಳು ಬ್ಯಾಂಕಕ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ದುಡ್ಡು ಕಳಿಸಿದರು. ನಮ್ಮಲ್ಲಿ ಫೋನ್‌ಪೇ ಮಾಡುವ ಹಾಗೆ. 2024ರ ಫೆಬ್ರವರಿಯಲ್ಲಿ ಫೋನ್ ಜಾಲ ಕಡಿದುಹೋದಾಗ ಆ್ಯಪ್ ನಿಂತಿತು, ಒಲೆಗಳು ಆರಿದವು. ಹೆಂಗಸರದೇ ಆದ ಗುಂಪುಗಳೂ ಇವೆ. ಅತ್ಯಾಚಾರಕ್ಕೆ ಒಳಗಾದವರ ಆರೈಕೆಯನ್ನು ಅವರು ನೋಡಿಕೊಂಡರು. 2025ರಲ್ಲಿ ಈ ಗುಂಪುಗಳಿಗೆ ನಾರ್ವೆಯ ರಾಫ್ಟೊ ಪ್ರಶಸ್ತಿಯೂ ಸ್ವೀಡನ್‌ನ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಬಂದವು. ಅಷ್ಟರಲ್ಲಿ ಎಷ್ಟೋ ಸ್ವಯಂಸೇವಕರು ಸತ್ತಿದ್ದರು, ಬಂಧನದಲ್ಲಿದ್ದರು. ಎರಡೂ ಕಡೆಯವರು ಅವರನ್ನು ಶತ್ರುವಿನ ಕಡೆಯವರು ಅಂತಲೇ ನೋಡಿದರು.

‘ನೆರವಿನಿಂದ ಏನು ಬದಲಾಯಿತು’ ಎಂದು ಕೇಳಿದಿರಿ. ಇಲ್ಲಿ ಬದಲಾಯಿತು. ಈ ಒಲೆಗಳಿಗೆ ಹೋದ ದುಡ್ಡು ಮಂತ್ರಿಯನ್ನೂ ದಂಡನಾಯಕನನ್ನೂ ದಾಟಿ ಹೋಗಬೇಕಿರಲಿಲ್ಲ. ಕೊಡುವವರಿಗೆ ಇದು ಒಗ್ಗಲು ಕಷ್ಟವಾಯಿತು. ಅವರಿಗೆ ನೋಂದಣಿ ಸಂಖ್ಯೆ ಬೇಕು, ರಸೀದಿ ಬೇಕು, ಆಡಿಟ್ ಬೇಕು. ಶೆಲ್ ಬೀಳುವ ಕೇರಿಯಲ್ಲಿ ಕಟ್ಟಿಗೆ ತಂದವನಿಂದ ರಸೀದಿ ಎಲ್ಲಿ ಸಿಗುತ್ತದೆ? ನಿಯಮ ಸಡಿಲಿಸಿ ಸ್ವಲ್ಪ ಸ್ವಲ್ಪ ಕೊಡುವುದನ್ನು ಕಲಿಯುತ್ತಿದ್ದಾಗಲೇ, 2025ರ ಆರಂಭದಲ್ಲಿ, ಅಮೆರಿಕ ತನ್ನ ನೆರವನ್ನು ತಟ್ಟನೆ ನಿಲ್ಲಿಸಿತು. ಸುಡಾನ್‌ನಲ್ಲಿ ನೂರಾರು ಒಲೆಗಳು ಮುಚ್ಚಿದವು. ಜುಲೈ ಹೊತ್ತಿಗೆ ಆ ನೆರವು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯೇ ಇಲ್ಲವಾಯಿತು. ಬ್ರಿಟನ್ ಕೂಡ ರಾಷ್ಟ್ರೀಯ ವರಮಾನದ ಶೇ 0.5 ಇದ್ದ ನೆರವನ್ನು 2027ಕ್ಕೆ ಶೇ 0.3ಕ್ಕೆ ಇಳಿಸುವುದಾಗಿ ಹೇಳಿತು, ಉಳಿದದ್ದು ರಕ್ಷಣೆಗೆ ಅಂತ. ಶೇ 0.7 ಕೊಡಬೇಕು ಎಂದು ವಿಶ್ವಸಂಸ್ಥೆ ಗುರಿ ಇಟ್ಟದ್ದು 1970ರಲ್ಲಿ.

ನೆರವು ಕೆಟ್ಟ ಕೈಗಳಿಗೂ ಹೋಗಿದೆ, ಆದ್ದರಿಂದ ನಿಲ್ಲಿಸಿ ಅನ್ನುವವರು ನಮ್ಮ ಸಂಶೋಧನೆಗಳನ್ನೇ ಎತ್ತಿ ತೋರಿಸುತ್ತಾರೆ. ಇದು ನನಗೆ ಸಿಟ್ಟು ತರಿಸುತ್ತದೆ. ಕಾಲುವೆ ಒಡೆದಿದೆ ಅಂತ ಹೇಳಿದವರು ಕಾಲುವೆ ಸರಿ ಮಾಡಿ ಅಂದದ್ದು, ಕೆರೆ ತೂಬು ಮುಚ್ಚಿ ಅಂತಲ್ಲ.

ನಮ್ಮವರ ತಪ್ಪನ್ನೂ ಹೇಳಬೇಕು. ಅಂತರ್ಯುದ್ಧ ಮುಗಿದ ದೇಶಗಳಲ್ಲಿ ಅರ್ಧದಷ್ಟು ಐದೇ ವರ್ಷದಲ್ಲಿ ಮತ್ತೆ ಯುದ್ಧಕ್ಕೆ ಬೀಳುತ್ತವೆ ಅನ್ನುವ ಅಂಕಿ ಒಂದು ಕಾಲಕ್ಕೆ ಎಲ್ಲ ವರದಿಗಳಲ್ಲೂ ಇತ್ತು. ಅರ್ಥಶಾಸ್ತ್ರಜ್ಞ ಪಾಲ್ ಕೊಲಿಯರ್ ಮತ್ತು ಸಂಗಡಿಗರ ಲೆಕ್ಕ ಅದು. ಆಮೇಲೆ ಮತ್ತೆ ಲೆಕ್ಕ ಮಾಡಿ ನೋಡಿದಾಗ ಅದು ತೀರಾ ಜಾಸ್ತಿ ಎಂದು ಕಂಡಿತು. ಅಷ್ಟರಲ್ಲಿ ಎಷ್ಟೋ ಕಚೇರಿಗಳಲ್ಲಿ ಅದನ್ನೇ ನಂಬಿ ನಿರ್ಧಾರಗಳಾಗಿದ್ದವು. ನೀವು ಈ ಓದಿಗೆ ಬಂದರೆ ದುಂಡಗಿನ ಅಂಕಿ ಕಂಡಾಗ ಒಂದು ಕ್ಷಣ ನಿಲ್ಲಿ.

ಈಗ ಎಂ.ಎ. ವಿಷಯ. ಮನೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನೆರವಿನ ಸಂಸ್ಥೆಗಳಲ್ಲಿ ಈಗ ಕೆಲಸ ಹೋದವರೇ ಜಾಸ್ತಿ, ಹೊಸಬರಿಗೆ ಜಾಗ ಕಡಿಮೆ. ಬರೀ ‘ಶಾಂತಿ’ ಓದಿ ಬಂದವರಿಗೆ ಇನ್ನೂ ಕಷ್ಟ. ಓದುವುದಾದರೆ ಜೊತೆಗೆ ಎರಡು ಕಲಿಯಿರಿ: ಸಂಖ್ಯಾಶಾಸ್ತ್ರ, ಮತ್ತು ಅರಬ್ಬಿಯೋ ಫ್ರೆಂಚೋ ಒಂದು ಭಾಷೆ. ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ ನೆಲ್ಸನ್ ಮಂಡೇಲಾ ಹೆಸರಿನ ಕೇಂದ್ರ ಇದೆ, ಅಲ್ಲಿ ಈ ವಿಷಯದಲ್ಲೇ ಎಂ.ಎ. ಮಾಡಬಹುದು. ಬಿ.ಇಡಿ. ಮಾಡಿದರೂ ಇದರ ಬಾಗಿಲು ಮುಚ್ಚುವುದಿಲ್ಲ. ಉಪ್ಸಾಲಾದ ದತ್ತಾಂಶ, ಸಿಪ್ರಿಯ ದತ್ತಾಂಶ ಎರಡೂ ಯಾರಿಗಾದರೂ ಉಚಿತ. ಒಂದು ಲ್ಯಾಪ್‌ಟಾಪ್ ಇದ್ದರೆ ಹುಣಸೂರಿನಿಂದಲೇ ತೆಗೆದು ನೋಡಬಹುದು. ಕನ್ನಡದಲ್ಲಿ ಇದರ ಬಗ್ಗೆ ಬರೆಯುವವರು ಬಹಳ ಕಡಿಮೆ, ಅದೂ ನಿಮ್ಮ ಮನಸ್ಸಿನಲ್ಲಿರಲಿ.

ಅರ್ಜಿ ಹಾಕುವ ಮುಂಚೆ ಒಂದು ಕೆಲಸ ಮಾಡುತ್ತೀರಾ? ನಿಮ್ಮ ತಾಲ್ಲೂಕಿನ ಪಕ್ಷಿರಾಜಪುರಕ್ಕೆ ಹೋಗಿ. ಸುಡಾನ್‌ನಿಂದ ಬಂದವರು ಮಾತಾಡಲು ಒಪ್ಪಿದರೆ ಕೂತು ಕೇಳಿ. ಎಲ್ ಫಾಶರ್‌ನಲ್ಲಿ ಹೊರಗೆ ಕಾಲಿಡಲಾಗದ ದಿನಗಳಲ್ಲಿ ನೀರು ಯಾರು ತಂದುಕೊಟ್ಟರು? ಬಸ್ಸಿಗೆ ಎಷ್ಟು ಕೊಟ್ಟರು, ಯಾರ ಕೈಗೆ? ದಾರಿಯ ತಪಾಸಣೆಗಳಲ್ಲಿ ಯಾರು ನಿಂತಿದ್ದರು, ಏನು ಕೇಳಿದರು? ಈಗ ಆ ಊರಿನ ಯಾರಾದರೂ ಫೋನಿಗೆ ಸಿಗುತ್ತಾರಾ? ಅವರ ಮನೆಮಾತು ವಾಗ್ರಿ, ಕನ್ನಡವೂ ಚೆನ್ನಾಗಿ ಬರುತ್ತದೆ. ಹೆಸರು ಬರೆದುಕೊಳ್ಳುವ ಮುಂಚೆ ಒಪ್ಪಿಗೆ ಕೇಳಿ, ಬೇಡ ಅಂದರೆ ಬಿಟ್ಟುಬಿಡಿ. ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಿ. ಆಮೇಲೆ ನನಗೂ ಒಂದು ಪ್ರತಿ ಕಳಿಸಿ.